ಮುಚ್ಚಿದ ಅಂಗಡಿಯಲ್ಲಿ ಮರಿಕತ್ತರಿ

ಅವನ ಅಪ್ಪನನ್ನು ಬೀದಿಯವರೆಲ್ಲ ಕತ್ತರಿಯಪ್ಪ ಎಂದು ಕರೆಯುತ್ತಿದ್ದರು. ಅಪ್ಪನ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸುವುದನ್ನು ಕಲಿತ ಮಗನಿಗೆ ಮರಿಕತ್ತರಿ ಎಂದು ಹೆಸರಾಯಿತು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಮಗನಿಗೆ ಐವತ್ತು ದಾಟಿ, ಹೊಟ್ಟೆ ಮುಂದೆ ಬಂದು, ಊರಿಗೆಲ್ಲ ಕ್ಷೌರ ಮಾಡುವವನ ನೆತ್ತಿಯೇ ಬೋಳಾಯಿತು. ಹೆಸರು ಮಾತ್ರ ಮರಿಯಾಗಿಯೇ ಉಳಿಯಿತು.

ಅಂಗಡಿ ಬೀದಿಗೆ, ಮನೆ ಅದರ ಬೆನ್ನಿಗೆ. ಎರಡರ ನಡುವೆ ಒಂದು ಬಾಗಿಲು. ಬಾಗಿಲ ಮೇಲರ್ಧಕ್ಕೆ ಗಾಜು. ಅಂಗಡಿಯಲ್ಲಿ ಎರಡು ತಿರುಗುವ ಕುರ್ಚಿ, ಎದುರುಬದುರು ಗೋಡೆಗೆ ಎರಡು ದೊಡ್ಡ ಕನ್ನಡಿ, ಮೂಲೆಯಲ್ಲಿ ಕೈ ತೊಳೆಯುವ ಸಿಂಕು, ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಕೂದಲು ಬೆಳೆಯದಿದ್ದವರೂ ಆ ಬೆಂಚಿಗೆ ಬಂದು ಕೂರುತ್ತಿದ್ದರು. ಮರಿಕತ್ತರಿಯ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ತಲೆಯನ್ನು ಅವನ ಕೈಗೆ ಕೊಟ್ಟವರು ಹೊಟ್ಟೆಯೊಳಗಿನದನ್ನೂ ಕೊಟ್ಟು ಹೋಗುತ್ತಿದ್ದರು. ಯಾರ ಕಿವಿಯ ಹಿಂದೆ ಮಚ್ಚೆ ಇದೆ, ಯಾರಿಗೆ ಕುತ್ತಿಗೆ ಮುಟ್ಟಿದರೆ ಕಚಗುಳಿ, ಯಾರು ಕ್ಷೌರದ ನಡುವೆ ಗೊರಕೆ ಹೊಡೆಯುತ್ತಾರೆ, ಎಲ್ಲ ಅವನಿಗೆ ಗೊತ್ತಿತ್ತು. ಇನ್ನೊಬ್ಬರ ಮೈ ಮುಟ್ಟಲು ಹಿಂಜರಿಯುವುದು ಎಂದರೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹೆಂಡತಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ವಾರ್ಡುಗಳಿಂದ ಬಂದ ಹಾಸಿಗೆ ಹೊದಿಕೆಗಳನ್ನು ಬೇರೆ ಮಾಡಿ, ದೊಡ್ಡ ಯಂತ್ರಗಳಿಗೆ ತುಂಬಿ, ಹಬೆಯಲ್ಲಿ ಇಸ್ತ್ರಿ ಮಾಡಿ ಕಳಿಸುವುದು. ಮಾತು ಕಡಿಮೆ. 'ನಮ್ಮನೇಲಿ ಮಾತಿನ ಖಾತೆ ಇವರದು, ನಂದು ಕೆಲಸದ್ದು' ಎನ್ನುತ್ತಿದ್ದಳು. ಒಬ್ಬಳೇ ಮಗಳು, ಕಾಲೇಜು ಸೇರಿ ವರ್ಷವಾಗಿರಲಿಲ್ಲ.

ಹೊಸ ಕಾಯಿಲೆ ಹಬ್ಬುತ್ತಿದೆ, ನಾಳೆಯಿಂದ ಎಲ್ಲ ಬಂದ್ ಎಂದು ಸರ್ಕಾರ ಸಾರಿದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮತ್ತೆ ಯಾವಾಗ ತೆರೆಯುತ್ತಾರೋ ಏನೋ ಎಂದು ಬೀದಿಗೆ ಬೀದಿಯೇ ತಲೆ ಹಿಡಿದುಕೊಂಡು ಬಂದಿತ್ತು. ಕೊನೆಯಲ್ಲಿ ಬಂದವರು ನಿವೃತ್ತ ಪೋಸ್ಟ್ ಮಾಸ್ಟರು. ಅಪ್ಪನ ಕಾಲದ ಗಿರಾಕಿ. ಕುರ್ಚಿಯಲ್ಲಿ ಕುಳಿತು, ಗಲ್ಲ ಎತ್ತಿ, ಕಣ್ಣು ಮುಚ್ಚಿದರು. ಗದ್ದದ ಕೆಳಗೆ ಕತ್ತಿ ಆಡುತ್ತಿದ್ದಾಗ ಒಮ್ಮೆ ಕೆಮ್ಮಿದರು.

"ಅಲ್ಲಾಡಬೇಡಿ ಸಾರ್, ಗಂಟಲು ನಿಮ್ಮದೇ ಆದ್ರೂ ಕತ್ತಿ ನಂದು" ಎಂದ ಮರಿಕತ್ತರಿ.

"ಧೂಳು ಕಣೋ" ಎಂದರು ಅವರು. ಮತ್ತೆ ಕೆಮ್ಮಿದರು. ಅವರ ಬಿಸಿಯುಸಿರು ಅವನ ಬೆರಳುಗಳ ಮೇಲೆ ಹಾದುಹೋಯಿತು. ಅವನು ಅದನ್ನು ಗಮನಿಸಲೂ ಇಲ್ಲ. ಕೆನ್ನೆಗೆ ತಣ್ಣೀರು ಹಚ್ಚಿ, ಟವಲಿನಿಂದ ಒತ್ತಿ, ಹೆಗಲು ತಟ್ಟಿ ಕಳಿಸಿದ. ಶಟರ್ ಎಳೆದ.

ಮುಂದಿನ ವಾರ ಎದುರು ಮಹಡಿಯ ದರ್ಜಿ ತನ್ನ ಬಾಲ್ಕನಿಯಿಂದ ಕೂಗಿ ಹೇಳಿದ: "ವಿಷಯ ಗೊತ್ತಾಯ್ತೇನಯ್ಯಾ? ಪೋಸ್ಟ್ ಮಾಸ್ಟರು ಹೋಗಿಬಿಟ್ರಂತೆ. ಅದೇ ಕಾಯಿಲೆ. ಮನೆಯವರಿಗೂ ಮುಖ ತೋರಿಸ್ಲಿಲ್ಲವಂತೆ."

ಮರಿಕತ್ತರಿ ತನ್ನ ಬಲಗೈ ಎತ್ತಿ ನೋಡಿಕೊಂಡ. ಅಂದು ಗಮನಿಸದೇ ಹೋದ ಆ ಉಸಿರು ಈಗ ಬೆರಳುಗಳ ಮೇಲೆ ಬಂದು ಕುಳಿತಿತ್ತು. ಬಿಸಿಯಾಗಿ, ಸ್ವಲ್ಪ ತೇವವಾಗಿ.

ಅವತ್ತೇ ಅವನು ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋದ. "ನಾನು ಅವರ ಮುಖ ಮುಟ್ಟಿದೀನಿ. ನನಗೆ ಬಂದಿದ್ರೆ ನಿಮಗೆ ಬೇಡ. ಊಟ ಬಾಗಿಲ ಹತ್ತಿರ ಇಟ್ಟು ದೂರ ಹೋಗಿ" ಎಂದ. ಹೆಂಡತಿ ಒಪ್ಪಿದಳು, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅದು ಸರಿಯೆಂದೇ ಕಂಡಿತು. ಮಗಳು ಗಾಜಿನಾಚೆ ನಿಂತು ಅತ್ತಳು. ದರ್ಜಿ ಬಾಲ್ಕನಿಯಿಂದ ಬೀದಿಗೆಲ್ಲ ಕೇಳುವಂತೆ ಹೊಗಳಿದ: "ಮನೆಯವರ ಮೇಲೆ ಪ್ರೀತಿ ಅಂದ್ರೆ ಇದು!" ಶಟರಿನ ಹಿಂದೆ ಕುಳಿತು ಅದನ್ನು ಕೇಳಿ ಮರಿಕತ್ತರಿಗೂ ಎದೆ ತುಂಬಿ ಬಂತು.

ಕಾಯಬೇಕಾದಷ್ಟು ದಿನ ಕಾದದ್ದಾಯಿತು. ಜ್ವರ ಬರಲಿಲ್ಲ, ಗಂಟಲು ಕಟ್ಟಲಿಲ್ಲ, ಸೋಪಿನ ವಾಸನೆ ಮೂಗಿಗೆ ಬಡಿಯುತ್ತಲೇ ಇತ್ತು. ಹೆಂಡತಿ ಗಾಜು ತಟ್ಟಿದಳು. "ಸಾಕು ಬನ್ನಿ ಒಳಗೆ. ಏನೂ ಆಗಿಲ್ಲ ನಿಮಗೆ."

"ಇನ್ನೆರಡು ದಿನ ನೋಡೋಣ" ಎಂದ.

ಎರಡು ದಿನ ಕಳೆದ ಮೇಲೆ ಬೆನ್ನುನೋವು ಎಂದ. ಆಮೇಲೆ ಅಂಗಡಿಯಲ್ಲಿ ಗಾಳಿ ಚೆನ್ನಾಗಿದೆ ಎಂದ. ಶಟರ್ ಎಳೆದ ಅಂಗಡಿಯಲ್ಲಿ ಎಲ್ಲಿಯ ಗಾಳಿ? ಹೆಂಡತಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ತಟ್ಟೆ ಎತ್ತಿಕೊಂಡು ಹೋದಳು. ಅವಳಿಗೆ ಅರ್ಥವಾಗಿತ್ತು. ಅವನಿಗೂ ಅರ್ಥವಾಗಿತ್ತು, ಆದರೆ ತನಗೆ ತಾನೇ ಹೇಳಿಕೊಳ್ಳಲು ನಾಚಿಕೆ. ಈಗ ಅವನು ಮನೆಯವರನ್ನು ಕಾಪಾಡಲು ಅಲ್ಲಿರಲಿಲ್ಲ. ಅವರಿಗೆ ಹೆದರಿ ಅಲ್ಲಿದ್ದ.

ಅದರಲ್ಲೂ ಹೆಂಡತಿಗೆ. ದಿನವೂ ಬೆಳಿಗ್ಗೆ ಅವಳು ಹಿಂಬಾಗಿಲಿಂದ ಹೊರಟು ಅದೇ ಆಸ್ಪತ್ರೆಗೆ ಹೋಗುತ್ತಿದ್ದಳು. ರೋಗಿಗಳು ಬೆವರಿದ, ಕೆಮ್ಮಿದ, ಸತ್ತ ಹೊದಿಕೆಗಳನ್ನು ಕೈಯಾರೆ ಬಿಡಿಸಿ ಯಂತ್ರಕ್ಕೆ ಹಾಕಿ ಸಂಜೆ ಬರುತ್ತಿದ್ದಳು. ಅಂಗಳದಲ್ಲೇ ಬಟ್ಟೆ ಬಿಚ್ಚಿ ಬಕೆಟ್ಟಿಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದಳು. ಅದೆಲ್ಲ ಅವನಿಗೆ ಗೊತ್ತಿತ್ತು. ಆದರೂ ಸಂಜೆ ಹಿಂಬಾಗಿಲ ಚಿಲಕ ಸದ್ದಾದ ಕೂಡಲೇ ಅವನ ಕೈ ತಾನಾಗಿ ಒಂದು ಟವಲನ್ನು ನೀರಲ್ಲಿ ಅದ್ದಿ, ಹಿಂಡಿ, ನಡುಬಾಗಿಲ ಕೆಳಗಿನ ಸಂದಿಗೆ ತುರುಕುತ್ತಿತ್ತು. ಮದುವೆಯಾದಾಗಿನಿಂದ ಆ ಚಿಲಕದ ಸದ್ದು ಕೇಳಿದರೆ 'ಬಂದ್ಯೇನೇ?' ಎಂದು ಕೂಗುತ್ತಿದ್ದ ಗಂಡಸು.

ಒಂದು ಸಂಜೆ ಮಗಳು ಗಾಜಿನಿಂದ ಇದನ್ನು ನೋಡಿಬಿಟ್ಟಳು. ಟವಲು ತುರುಕುತ್ತ ಮಂಡಿಯೂರಿದ್ದವನು ತಲೆ ಎತ್ತಿದಾಗ ಅವಳ ಮುಖ ಮೇಲಿತ್ತು.

"ಅಪ್ಪ, ಬರ್ತಿರೋದು ಅಮ್ಮ ಕಣಪ್ಪ" ಎಂದಳು. ಅಷ್ಟೇ.

ಅವನು ಟವಲು ತೆಗೆಯಲಿಲ್ಲ.

ದಿನಗಳು ಒಂದಕ್ಕೊಂದು ಅಂಟಿಕೊಂಡವು. ಎದ್ದ ಕೂಡಲೇ ಸೋಪಿನ ಬಿಲ್ಲೆ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ನೋಡುವುದು. ಥರ್ಮಾಮೀಟರ್ ಬಾಯಿಗಿಡುವುದು, ತೆಗೆಯುವುದು, ಸಮಾಧಾನವಾಗದೆ ಮತ್ತೆ ಇಡುವುದು. ಉಸಿರು ಕಟ್ಟಿ ಹಿಡಿದು ಎದೆಯಲ್ಲಿ ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಪರೀಕ್ಷೆ ಮಾಡುವುದು. ಕೈ ತೊಳೆಯುವುದು. ಒರೆಸಿಕೊಂಡ ಟವಲು ಸ್ವಚ್ಛವಿತ್ತೇ ಎಂಬ ಅನುಮಾನ ಬಂದು ಮತ್ತೆ ತೊಳೆಯುವುದು. ಬೆರಳ ಸಂದಿಗಳು ಬಿರುಕುಬಿಟ್ಟು ನೀರು ತಾಗಿದರೆ ಉರಿಯತೊಡಗಿದವು. ಉರಿದರೆ ಒಳ್ಳೆಯದು, ಏನೋ ಸಾಯುತ್ತಿದೆ ಎಂದುಕೊಂಡ.

ಕನ್ನಡಿಗಳ ಕಾಟ ಬೇರೆ. ಎದುರುಬದುರು ಇದ್ದ ಕಾರಣ ಕುರ್ಚಿಯಲ್ಲಿ ಕುಳಿತರೆ ಅವನ ಹಿಂದೆ ಅವನು, ಅವನ ಹಿಂದೆ ಇನ್ನೊಬ್ಬ, ಸಾಲುಗಟ್ಟಿ ನಿಂತಿರುತ್ತಿದ್ದರು. ಗಿರಾಕಿಗಳು ಇದ್ದಾಗ ಅದು ಜಾತ್ರೆಯಂತೆ ಕಾಣುತ್ತಿತ್ತು. ಈಗ ಒಬ್ಬನೇ ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತಿತ್ತು. ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಿಳಿ ಬಟ್ಟೆಗಳನ್ನು ಎರಡೂ ಕನ್ನಡಿಗೆ ಹೊದಿಸಿಬಿಟ್ಟ. ಆಮೇಲೆ ಅವು ಆಸ್ಪತ್ರೆಯ ಹೊದಿಕೆಗಳಂತೆ ಕಂಡು ಅತ್ತ ನೋಡುವುದನ್ನೇ ಬಿಟ್ಟ.

ಪೋಸ್ಟ್ ಮಾಸ್ಟರ ಹೆಂಡತಿ ಫೋನು ಮಾಡಿದರು. ಪರದೆಯ ಮೇಲೆ ಆ ಮನೆಯ ಹೆಸರು ಕಂಡು ಅವನು ಫೋನನ್ನು ಕುರ್ಚಿಯ ಮೇಲೆ ಬೋರಲಾಗಿ ಇಟ್ಟ. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಫೋನಿನೊಳಗಿಂದ ಕಾಯಿಲೆ ಬರುವುದಿಲ್ಲ ಎಂದು ತಿಳಿಯದಷ್ಟು ದಡ್ಡನಲ್ಲ ಅವನು. ಆದರೆ ಬುದ್ಧಿ ಒಂದು ದಾರಿ, ಎದೆ ಒಂದು ದಾರಿ.

ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದಾಗ ತುತ್ತು ಗಂಟಲಲ್ಲಿ ನಿಂತಿತು. ನೀರು ಕುಡಿದ, ಇಳಿಯಿತು. ಆದರೆ ಅದರ ಹಿಂದೆಯೇ ಎದೆಯ ಮೇಲೆ ಯಾರೋ ಮೊಣಕಾಲು ಊರಿದಂತಾಯಿತು. ಗಾಳಿ ಎಳೆದ, ಸಾಲಲಿಲ್ಲ. ಇನ್ನೂ ಜೋರಾಗಿ ಎಳೆದ. ಬೆರಳುಗಳು ಜುಮ್ಮೆಂದವು, ತುಟಿ ಮರಗಟ್ಟಿತು, ಗೋಡೆಗಳು ಹಿಂದಕ್ಕೆ ಸರಿದವು. ಬಂತು, ಇದೇ ಅದು, ಎಂದುಕೊಂಡ. ಬೆಂಚು ಹಿಡಿದು ಎದ್ದವನು ಕುಸಿದ. ಸದ್ದಿಗೆ ಮಗಳು ಓಡಿ ಬಂದು ಬಾಗಿಲು ತಳ್ಳಿದಳು.

"ಬರಬೇಡ! ಒಳಗೆ ಬರಬೇಡ! ಅಮ್ಮಂಗೆ ಫೋನ್ ಮಾಡು. ನಾನು ಹೋಗ್ತಿದೀನಿ ಅನ್ನು."

ಮಗಳು ಫೋನು ಮಾಡಿದಳು. ಹಬೆಯ ಸದ್ದಿನ ನಡುವೆ ಅಮ್ಮ ಕೇಳಿಸಿಕೊಂಡಳು. ಹಾಗೇ ಫೋನು ಹಿಡಿದುಕೊಂಡು ಓಡಿದವಳು ಸಿಕ್ಕ ಮೊದಲ ಡಾಕ್ಟರ ಕೈಗೆ ಅದನ್ನು ಕೊಟ್ಟಳು. ಮಗಳು ತನ್ನ ಫೋನನ್ನು ಸ್ಪೀಕರಿಗೆ ಹಾಕಿ ಹೊಸ್ತಿಲ ಮೇಲಿಂದ ಅಪ್ಪನ ಕಡೆಗೆ ನೆಲದ ಮೇಲೆ ಜಾರಿಸಿದಳು.

ಡಾಕ್ಟರಮ್ಮನ ದನಿ ದಣಿದಿತ್ತು, ಆದರೆ ಅವಸರವಿರಲಿಲ್ಲ. "ಏನಾಗ್ತಿದೆ ಹೇಳಿ."

"ಉಸಿರು ಬರ್ತಿಲ್ಲಮ್ಮ. ಎದೆ ಹಿಡ್ಕೊಂಡಿದೆ. ನಾನು ಒಬ್ಬರಿಗೆ ಶೇವ್ ಮಾಡಿದ್ದೆ, ಅವರು ಹೋಗಿಬಿಟ್ರು, ಅವರು ಕೆಮ್ಮಿದ್ದು ನನ್ನ ಕೈಮೇಲೇನೇ. ನಾನು ಆಗ ಏನೂ ಅಂದ್ಕೊಳ್ಲಿಲ್ಲ, ಧೂಳು ಅಂದ್ರು, ನಾನೂ ಧೂಳು ಅಂದ್ಕೊಂಡೆ. ಅವರ ಮನೆಯವರು ಫೋನ್ ಮಾಡಿದ್ರು, ನಾನು ಎತ್ತಲಿಲ್ಲ. ನನ್ನ ಹೆಂಡತಿ ಅಲ್ಲೇ ನಿಮ್ಮಲ್ಲೇ ಬಟ್ಟೆ ಒಗೀತಾಳೆ, ಅವಳು ಬಂದ್ರೆ ನಾನು ಬಾಗಿಲಿಗೆ ಟವಲು ಇಡ್ತೀನಿ, ಅವಳು ನನ್ನ ಹೆಂಡತಿ ಕಣಮ್ಮ, ನಾನು ಅವಳಿಗೆ ಟವಲು ಇಡ್ತೀನಿ..."

ಡಾಕ್ಟರಮ್ಮ ತಡೆಯಲಿಲ್ಲ. ಅವನು ಹೇಳುತ್ತಲೇ ಹೋದ; ಅತ್ತ; ಮತ್ತೆ ಹೇಳಿದ. ಅವನು ತಾನಾಗಿ ನಿಂತ ಮೇಲೆ ಆಕೆ ಹೇಳಿದರು: "ನೋಡಿ, ಉಸಿರು ಸಿಗದವರು ಒಂದು ಮಾತು ಪೂರ್ತಿ ಮಾಡೋಕೆ ಒದ್ದಾಡ್ತಾರೆ. ನೀವು ನನಗೆ ನಿಮ್ಮ ಇಡೀ ಕಥೆ ಹೇಳಿದ್ರಿ. ಆದ್ರೂ ಸುಮ್ಮನೆ ಬಿಡಲ್ಲ, ಇವತ್ತೇ ಪರೀಕ್ಷೆ ಮಾಡಿಸೋಣ, ಎದೆಯನ್ನೂ ನೋಡೋಣ. ಈಗ ನಿಧಾನಕ್ಕೆ ಉಸಿರು ಹೊರಗೆ ಬಿಡಿ. ಒಳಗೆ ಎಳ್ಕೊಳ್ಳೋದರ ಬಗ್ಗೆ ಯೋಚನೆ ಬೇಡ. ಬಿಸಿ ಚಹಾ ಆರಿಸ್ತೀವಲ್ಲ, ಹಾಗೆ ಊದಿ."

ಅವನು ಊದಿದ. ಹೊಸ್ತಿಲಲ್ಲಿ ಕುಳಿತ ಮಗಳೂ ಗೊತ್ತಿಲ್ಲದೆಯೇ ಜೊತೆಗೆ ಊದಿದಳು. ಎದೆಯ ಮೇಲಿನ ಮೊಣಕಾಲು ಸ್ವಲ್ಪ ಸ್ವಲ್ಪವೇ ಎದ್ದಿತು.

ಪರೀಕ್ಷೆಯಲ್ಲಿ ಕಾಯಿಲೆ ಇಲ್ಲ ಎಂದು ಬಂತು. ಎದೆ, ರಕ್ತ ಎಲ್ಲ ಸರಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಅವನು ಇನ್ನಷ್ಟು ಕುಗ್ಗಿದ.

"ಹಾಗಾದ್ರೆ ನಾನು ನಾಟಕ ಮಾಡಿದ್ನಾ?" ಎಂದು ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದ.

"ಯಾರು ಹಾಗಂದಿದ್ದು? ನಿಮ್ಮ ಎದೆ ಹಿಡ್ಕೊಂಡಿದ್ದು ನಿಜ, ತುಟಿ ಮರಗಟ್ಟಿದ್ದು ನಿಜ. ಭಯ ಅದನ್ನೆಲ್ಲ ಮಾಡುತ್ತೆ. ನಮ್ಮ ವಾರ್ಡಿನ ಹುಡುಗೀರಿಗೂ ಆಗ್ತಿದೆ. ನನಗೂ ಒಂದು ದಿನ ಲಿಫ್ಟಲ್ಲಿ ಆಯ್ತು." ಆಕೆ ಸೇರಿಸಿದರು: "ಬಾಗಿಲು ಹಾಕ್ಕೊಂಡಷ್ಟೂ ಅದು ಬೆಳೆಯುತ್ತೆ. ಒಂದೇ ಸಲ ಬೇಡ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊರಗೆ ಬನ್ನಿ. ಮೊದಲು ಆ ಟವಲು ತೆಗೀರಿ."

ಟವಲು ತೆಗೆದ. ಆ ಸಂಜೆ ಚಿಲಕ ಸದ್ದಾದಾಗ ಸಿಂಕಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತ. ಬಾಗಿಲ ಸಂದಿಯಿಂದ ಗಾಳಿ ಬರುವುದು ಕಣ್ಣಿಗೆ ಕಾಣುತ್ತದೆಯೇನೋ ಎಂಬಂತೆ ಅತ್ತಲೇ ನೋಡುತ್ತಿದ್ದ. ಅದಕ್ಕಿಂತ ಮುಂದೆ ಹೋಗಲು ಆಗಲಿಲ್ಲ. ಬಾಗಿಲು ತೆರೆಯುತ್ತೇನೆ ಎಂದು ಬೆಳಿಗ್ಗೆ ಅಂದುಕೊಂಡರೆ ಸಂಜೆಗೆ ಕೈ ಕಲ್ಲಾಗುತ್ತಿತ್ತು. ಹೆಂಡತಿ ಒತ್ತಾಯ ಮಾಡಲಿಲ್ಲ. ಮುಖ ತೋರಿಸಿ, "ಊಟ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದಳು. ಅವಳ ಕಣ್ಣ ಕೆಳಗೆ ಮಾಸ್ಕಿನ ಗೆರೆ ಕಪ್ಪಾಗಿ ಕೂತಿತ್ತು. ನೀನು ಹೇಗಿದ್ದೀಯ ಎಂದು ಅವನು ಕೇಳಲಿಲ್ಲ. ಕೇಳಿದರೆ ಅವಳು ಏನಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆ.

ಆಮೇಲೆ ನಡೆದದ್ದು ನಗುವಂಥ ವಿಷಯ. ಅವಳಿಗೆ ಸೊಂಟದವರೆಗೆ ಕೂದಲು. ಬಟ್ಟೆ ಒಗೆಯುವ ಕೋಣೆಯ ಸೆಕೆಯಲ್ಲಿ, ಪ್ಲಾಸ್ಟಿಕ್ ಟೋಪಿಯೊಳಗೆ ಅದನ್ನೆಲ್ಲ ಗಂಟು ಹಾಕಿ ತುರುಕಿ ಇಡೀ ದಿನ ಇರಬೇಕಿತ್ತು. ನೆತ್ತಿಯಲ್ಲಿ ಗುಳ್ಳೆ ಎದ್ದು ನವೆ. ಒಂದು ದಿನ ತಡೆಯಲಾರದೆ ಅಲ್ಲೇ ಇದ್ದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದುಕೊಂಡು ಕಚಕಚ ಕತ್ತರಿಸಿ ಹಾಕಿದಳು. ಸಂಜೆ ಸ್ನಾನ ಮಾಡಿ ಗಾಜಿನಾಚೆ ಬಂದು ನಿಂತಾಗ ಮರಿಕತ್ತರಿ ಬಾಯಿ ಬಿಟ್ಟುಕೊಂಡು ನೋಡಿದ. ಒಂದು ಕಡೆ ಕಿವಿ ದಾಟಿ ಇಳಿದಿತ್ತು, ಇನ್ನೊಂದು ಕಡೆ ಕಿವಿಗಿಂತ ಮೇಲೇ ಮುಗಿದಿತ್ತು. ಹಿಂದೆ ಮೆಟ್ಟಿಲು ಮೆಟ್ಟಿಲು.

"ಯಾವ ಕಟುಕ ಮಾಡಿದ್ದೇ ಇದನ್ನ?" ಎಂದು ಕೂಗಿದ.

"ನಾನೇ."

"ನೀನೇ? ಕ್ಷೌರದವನ ಹೆಂಡತಿ ಈ ತಲೆ ಇಟ್ಕೊಂಡು ಬೀದೀಲಿ ನಡ್ಕೊಂಡು ಬಂದ್ಯಾ? ಹಸು ಮೇಯ್ದು ಬಿಟ್ಟ ಹಾಗಿದೆ! ನನ್ನಪ್ಪ ನೋಡಿದ್ರೆ ಎದ್ದು ಬಂದು ನನಗೆ ಬಾರಿಸ್ತಿದ್ರು. ತಿರುಗು ನೋಡೋಣ. ಅಯ್ಯಯ್ಯೋ. ಬಾ ಇಲ್ಲಿ. ಬಾ, ಕೂತ್ಕೋ."

ಬಾಗಿಲು ತೆರೆದಿತ್ತು. ತೆರೆದವನು ತಾನೇ ಎಂದು ಅವನಿಗೆ ತಿಳಿದದ್ದು ಅವಳು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಾಗ. ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅದನ್ನು ನೋಡಿಯೂ ನೋಡದವಳಂತೆ ಹೋಗಿ ಕುರ್ಚಿಯಲ್ಲಿ ಕುಳಿತಳು. ಮಾಸ್ಕ್ ಸರಿಮಾಡಿಕೊಂಡಳು. ಬೆನ್ನು ಅವನ ಕಡೆಗೆ.

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕೂದಲಿಗೆ ಅವನು ಒಮ್ಮೆಯೂ ಕತ್ತರಿ ಹಾಕಿರಲಿಲ್ಲ. ಬಾಚಣಿಗೆ ನೆತ್ತಿಯ ಮೇಲಿಟ್ಟಾಗ ಕೈ ಎಷ್ಟು ನಡುಗಿತೆಂದರೆ ಹಲ್ಲುಗಳು ಅವಳ ತಲೆಗೆ ತಟತಟ ತಾಗಿದವು. ಅವಳು ಅಲುಗಾಡಲಿಲ್ಲ. ಮೊದಲ ಎಳೆ ಕತ್ತರಿಸಿದ. ಎರಡನೆಯದು. ಕತ್ತಿನ ಹಿಂದೆ ಬೆರಳು ತಾಗಿತು; ಬೆಚ್ಚಗಿತ್ತು. ಈ ಬೆಚ್ಚನೆ ಜ್ವರವೇ? ಅಲ್ಲ, ಮನುಷ್ಯರ ಮೈ ಇರುವುದೇ ಹೀಗೆ. ಅದನ್ನೇ ಮರೆತಿದ್ದೆನಲ್ಲ ಎಂದುಕೊಂಡ.

ಅಷ್ಟರಲ್ಲಿ ಅವಳು ಕೆಮ್ಮಿದಳು.

ಕತ್ತರಿ ನೆಲಕ್ಕೆ ಬಿತ್ತು. ಅವನು ಸಿಂಕಿನ ಹತ್ತಿರ ಇದ್ದ, ನಲ್ಲಿ ಸುರಿಯುತ್ತಿತ್ತು, ಮೊಣಕೈವರೆಗೆ ಸೋಪು ಉಜ್ಜುತ್ತಿದ್ದ.

"ಕೂದಲ ಚೂರು ಮಾಸ್ಕಿನೊಳಗೆ ಹೋಯ್ತು ರೀ" ಎಂದಳು ಅವಳು, ತಿರುಗದೆ. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅವಳ ಭುಜಗಳು ಕುಸಿದದ್ದು ಹಿಂದಿನಿಂದ ಕಂಡಿತು. ಅವಳೇ ಮುಂದುವರಿಸಿದಳು: "ನನಗೂ ಭಯ ಆಗುತ್ತೆ. ದಿನಾ ಆಗುತ್ತೆ. ಹೊದಿಕೆ ಬಿಡಿಸುವಾಗ ಕಣ್ಣು ಮುಚ್ಕೊಳ್ತೀನಿ. ಮನೆಗೆ ಬಂದ್ರೆ ನೀವು ಗಾಜಿನ ಆಚೆ ನನ್ನ ನೋಡೋ ಥರ ನೋಡಿದ್ರೆ, ನನ್ನಲ್ಲೇ ಏನೋ ಹೊಲಸಿದೆ ಅನ್ಸುತ್ತೆ."

ನಲ್ಲಿ ಸುರಿಯುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಿದ. ಬಿಸಿ ಚಹಾ ಆರಿಸುವಂತೆ ಉಸಿರು ಊದಿದ, ಮತ್ತೆ ಊದಿದ. ನೆಲದಿಂದ ಕತ್ತರಿ ಎತ್ತಿ, ತೊಳೆದು, ಕುರ್ಚಿಯ ಹಿಂದೆ ಬಂದು ನಿಂತ.

"ತಲೆ ಬಗ್ಗಿಸು" ಎಂದ.

ಎರಡೂ ಬದಿ ಸಮ ಮಾಡಲು ಇದ್ದದ್ದನ್ನೂ ತುಂಬ ಗಿಡ್ಡ ಮಾಡಬೇಕಾಯಿತು. ಮುಗಿದ ಮೇಲೆ ಕನ್ನಡಿಯ ಬಟ್ಟೆ ಎಳೆದು ಹಾಕಿದ. ಅವಳು ತನ್ನನ್ನು ನೋಡಿಕೊಂಡು, "ನಮ್ಮಣ್ಣನ ಥರ ಕಾಣ್ತಿದೀನಿ" ಎಂದಳು. ಗಾಜಿನಾಚೆ ಮಗಳು ನಕ್ಕಳು.

ಆ ದಿನದಿಂದ ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಅವನು ಊಟಕ್ಕೆ ಒಳಗೆ ಬರತೊಡಗಿದ, ಮಲಗುವುದು ಅಂಗಡಿಯಲ್ಲೇ. ಪೋಸ್ಟ್ ಮಾಸ್ಟರ ಹೆಂಡತಿಗೆ ಫೋನು ಮಾಡಿದ. ಆಕೆ ಕೇಳಿದ್ದು ಒಂದೇ: "ಕೊನೇ ಸಲ ಅವರು ನಿನ್ನ ಹತ್ತಿರ ಬಂದಾಗ ಚೆನ್ನಾಗಿದ್ರಾ?" ಗಲ್ಲ ಎತ್ತಿ ಕಣ್ಣು ಮುಚ್ಚಿ ಆರಾಮವಾಗಿ ಕುಳಿತಿದ್ದರು ಎಂದು ಹೇಳಿದ. ಆಕೆ ಬಹಳ ಹೊತ್ತು ಅತ್ತರು. ಫೋನು ಇಟ್ಟ ಮೇಲೆ ಅವನು ಹೋಗಿ ಕೈ ತೊಳೆದುಕೊಂಡ. ಫೋನಿಗೆ ಕೈ ತೊಳೆದುಕೊಂಡೆನಲ್ಲ ಎಂದು ತನ್ನ ಮೇಲೆ ತನಗೇ ಬೇಸರವಾಯಿತು.

ಹೆಂಡತಿಯ ಹೊಸ ತಲೆ ನೋಡಿ ಅವಳ ಜೊತೆ ಕೆಲಸ ಮಾಡುವ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು, ಒಂದು ಸಂಜೆ ಅಂಗಳಕ್ಕೆ ಬಂದು ನಿಂತಳು. "ನನಗೂ ಹೀಗೇ ಮಾಡಿಕೊಡಪ್ಪ, ಪುಣ್ಯ ಬರುತ್ತೆ." ಅವನು ಕತ್ತರಿ ತರಲು ಅಂಗಡಿಗೆ ಹೋದವನು ವಾಪಸು ಬರಲಿಲ್ಲ. ಕತ್ತರಿ ಮೊಂಡಾಗಿದೆಯಂತೆ ಎಂದು ಮಗಳ ಕೈಲಿ ಹೇಳಿಸಿದ. ದೊಡ್ಡಕ್ಕ, "ಆಗಲಿ ಬಿಡು, ಇನ್ನೊಂದು ದಿನ" ಎಂದು ಹೋದಳು. ಆ ರಾತ್ರಿ ಹೆಂಡತಿ ಅವನೊಡನೆ ಮಾತಾಡಲಿಲ್ಲ.

ಎರಡು ವಾರ ಕಳೆದಿರಬೇಕು. ಅವಳು ಕೆಲಸದಿಂದ ಬಂದವಳು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದಳು: "ಮೈ ಬಿಸಿ ಇದೆ. ಚಹಾದ ವಾಸನೆ ಬರ್ತಿಲ್ಲ. ಅಂಗಡಿ ಖಾಲಿ ಮಾಡಿ, ಈಗ ನನ್ನ ಸರದಿ."

ಇಷ್ಟು ದಿನ ಹೆದರಿದ್ದು ಎದುರಿಗೆ ಬಂದು ನಿಂತರೆ ಹೆದರಿಕೆ ಹೋಗಿಬಿಡುತ್ತದೆ ಎಂದು ಹೇಳುವವರಿದ್ದಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಅವಳು ಅಂಗಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಈಚೆ, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಕೂದಲ ಚೂರಿನ ಕೆಮ್ಮಲ್ಲ ಇದು. ಆಳದಿಂದ ಅಗೆದು ತೆಗೆದಂಥದ್ದು.

ಮರುದಿನ ಬೆಳಿಗ್ಗೆ ಒಳಗೆ ಲೋಟ ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಮಗಳು ಎದ್ದು ಬಾಗಿಲಿಗೆ ಓಡಿದಳು. ಅವನು ಅವಳ ಕೈ ಹಿಡಿದು ಎಳೆದ.

"ಬಿಡಪ್ಪ! ನೀನು ಹೋಗಲ್ಲ, ನಾನಾದ್ರೂ ಹೋಗ್ತೀನಿ."

"ನಾನೇ ಹೋಗ್ತೀನಿ. ನೀನು ಇಲ್ಲೇ ಇರು."

ಮಾಸ್ಕ್ ಕಟ್ಟಿಕೊಂಡ, ಗಂಟು ಬೀಳಲಿಲ್ಲ, ಮಗಳು ಹಿಂದಿನಿಂದ ಬಿಗಿದಳು. ಬಾಗಿಲ ಹಿಡಿ ತಿರುಗಿಸುವಾಗ ಕಣ್ಣು ಮುಚ್ಚಿದ. ಒಳಗೆ ಹೆಂಡತಿ ಬೆಂಚಿನ ಪಕ್ಕ ನೆಲದ ಮೇಲೆ ಕುಳಿತು ಮೇಲುಸಿರು ಬಿಡುತ್ತಿದ್ದಳು. ಕೈ ಅಡ್ಡ ಹಿಡಿದು ಬೇಡ ಎಂದು ಸನ್ನೆ ಮಾಡಿದಳು. ಅವನು ಹತ್ತಿರ ಹೋಗಿ, ತೋಳಡಿ ಕೈ ಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಅವಳ ಉಸಿರು ಅವನ ಕುತ್ತಿಗೆಗೆ ಬಡಿಯಿತು. "ಹೇಗಿದ್ದೀಯೇ?" ಎಂದು ಕೇಳಿದ. ತಿಂಗಳುಗಳಿಂದ ಕೇಳದೆ ಉಳಿಸಿಕೊಂಡಿದ್ದ ಮಾತು.

ಅವಳು ಉತ್ತರ ಹೇಳಲು ಹೋದಳು. ಒಂದು ಮಾತು ಪೂರ್ತಿ ಆಗಲಿಲ್ಲ. ಡಾಕ್ಟರಮ್ಮ ಹೇಳಿದ್ದು ಅವನಿಗೆ ನೆನಪಿತ್ತು. ತಕ್ಷಣ ಫೋನು ಮಾಡಿದ.

ಆಂಬುಲೆನ್ಸಿನಲ್ಲಿ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಎರಡು ದಿನಕ್ಕೆ, ಮತ್ತೆ ಅಂಗಡಿಯಲ್ಲಿ ಮಲಗಿದ್ದ ಅವನಿಗೂ ಜ್ವರ ಬಂತು. ಬಂದು, ಮೈಯೆಲ್ಲ ನೋಯಿಸಿ, ಹೆಚ್ಚೇನೂ ಮಾಡದೆ ಹೋಯಿತು. ಆ ಜ್ವರದ ಬಗ್ಗೆ ಹೆದರಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಹೆದರಿಕೆಯೆಲ್ಲ ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದವಳ ಪಾಲಾಗಿತ್ತು. ಮಗಳಿಗೆ ಏನೂ ಆಗಲಿಲ್ಲ.

ಹೊರಗೆ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ ದಿನವೇ ಅವನು ಆಸ್ಪತ್ರೆಯ ಹಿಂಗೇಟಿಗೆ ನಡೆದ. ಬೀದಿಗಳು ಬಿಕೋ ಎನ್ನುತ್ತಿದ್ದವು. ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಒಂದು ಸಿಮೆಂಟಿನ ಕಟ್ಟೆ. ಅದರ ಮೇಲೆ ಇವನಂತೆ ಇನ್ನೂ ಕೆಲವರು ದೂರ ದೂರ ಕುಳಿತಿದ್ದರು. ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಗೇಟು ಸದ್ದಾದಾಗಲೆಲ್ಲ ಎಲ್ಲರ ತಲೆಯೂ ಒಟ್ಟಿಗೆ ಏಳುತ್ತಿತ್ತು. ಕರೆದದ್ದು ತಮ್ಮ ಹೆಸರಲ್ಲ ಎಂದು ತಿಳಿದರೆ ಒಟ್ಟಿಗೆ ಬಗ್ಗುತ್ತಿತ್ತು. ಒಮ್ಮೊಮ್ಮೆ ಒಳಗಿನಿಂದ ಬಂದವರು ಒಬ್ಬರನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ಆ ಒಬ್ಬರು ಅಲ್ಲೇ ಕುಸಿಯುತ್ತಿದ್ದರು. ಉಳಿದವರಿಗೆ, ಸದ್ಯ ನನ್ನದಲ್ಲ ಎಂಬ ಸಮಾಧಾನ. ಅದರ ಬೆನ್ನಿಗೇ ನಾಚಿಕೆ.

ಕೆಲಸ ಮುಗಿಸಿ ಬರುತ್ತಿದ್ದ ದೊಡ್ಡಕ್ಕ ದಿನವೂ ಅವನಿಗೆ ಸುದ್ದಿ ತರುತ್ತಿದ್ದಳು. "ಇವತ್ತು ಎರಡು ತುತ್ತು ತಿಂದಳಂತೆ." "ಇವತ್ತು ಹಾಗೇ ಇದಾಳೆ." ಒಂದು ದಿನ ಬಂದವಳು ಏನೂ ಹೇಳದೆ ಕಟ್ಟೆಯ ಮೇಲೆ ಕುಳಿತಳು. ಅವನ ಎದೆಯ ಮೇಲೆ ಮೊಣಕಾಲು ಬಂದು ಊರಿತು.

"ಏನಕ್ಕ? ಹೇಳು."

"ಅವಳದ್ದಲ್ಲ. ನನ್ನ ಪಕ್ಕದ ಯಂತ್ರದವಳು ಹೋದಳು. ಬೆಳಿಗ್ಗೆ." ದೊಡ್ಡಕ್ಕ ಟೋಪಿ ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು. ಬೆವರಿಗೆ ಕೂದಲೆಲ್ಲ ತಲೆಗೆ ಅಂಟಿತ್ತು, ನೆತ್ತಿ ಕೆಂಪಾಗಿತ್ತು. ಉಗುರಿನಿಂದ ಕೆರೆದುಕೊಂಡಳು. "ಇದೊಂದು ಹಿಂಸೆ ಬೇರೆ" ಎಂದು ಅತ್ತಳು.

ಮರಿಕತ್ತರಿ ಎದ್ದು ಮನೆಗೆ ಹೋದ. ಅರ್ಧ ದಾರಿ ಓಡಿಯೇ ಹೋದ. ಕತ್ತರಿ, ಬಾಚಣಿಗೆ, ಒಂದು ಬಿಳಿ ಬಟ್ಟೆ ತೆಗೆದುಕೊಂಡು ವಾಪಸು ಬಂದಾಗ ದೊಡ್ಡಕ್ಕ ಅಲ್ಲೇ ಕುಳಿತಿದ್ದಳು. ಮನೆಗೆ ಹೋಗಲು ಅವಳಿಗೂ ಧೈರ್ಯವಿರಲಿಲ್ಲವೋ ಏನೋ. ಅವಳ ಕುತ್ತಿಗೆಗೆ ಬಟ್ಟೆ ಕಟ್ಟಿ ಕತ್ತರಿಸತೊಡಗಿದ. ನಡುಗುವ ಕೈಯಲ್ಲೇ ಕತ್ತರಿಸಿದ. ಕಟ್ಟೆಯ ಮೇಲಿದ್ದವರು ಗೇಟು ಬಿಟ್ಟು ಇತ್ತ ನೋಡತೊಡಗಿದರು.

"ಕತ್ತರಿ ಮೊಂಡು ಅಂದಿದ್ದೆಯಲ್ಲ?" ಎಂದಳು ದೊಡ್ಡಕ್ಕ, ಮೂಗು ಒರೆಸಿಕೊಳ್ಳುತ್ತ.

"ಕತ್ತರಿ ಅಲ್ಲಕ್ಕ, ನಾನು."

ಅವಳು ಹೋದ ಮೇಲೆ ಕಟ್ಟೆಯ ಆ ತುದಿಯಲ್ಲಿದ್ದ ಮುದುಕರೊಬ್ಬರು ತಮ್ಮ ಗಡ್ಡ ಸವರಿಕೊಂಡು, "ನನಗೂ ಒಂದಿಷ್ಟು..." ಎಂದರು. ಮಗ ಒಳಗಿದ್ದಾನೆ, ಹೊರಗೆ ಬಂದಾಗ ಅಪ್ಪನನ್ನು ಗುರುತು ಹಿಡಿಯಬೇಕಲ್ಲ ಎಂದರು. ಅವನು ಹತ್ತಿರ ಹೋಗಿ ಗಡ್ಡ ಕತ್ತರಿಸಿಕೊಟ್ಟ. ಮಾರನೇ ದಿನವೂ ಕತ್ತರಿ ತೆಗೆದುಕೊಂಡು ಹೋದ. ಗೇಟಿನ ಹೊರಗೆ ಮೊದಲ ಬಾರಿಗೆ ಮಾತು ಹುಟ್ಟಿತು: ಯಾರು ಒಳಗಿದ್ದಾರೆ, ಯಾವ ವಾರ್ಡು, ಎಷ್ಟು ದಿನವಾಯಿತು. ಮುದುಕರ ಮಗ ಹೊರಗೆ ಬರಲಿಲ್ಲ. ಆ ದಿನ ಮರಿಕತ್ತರಿ ಕತ್ತರಿ ಮುಟ್ಟಲಿಲ್ಲ. ಅವರ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಕತ್ತಲಾಗುವವರೆಗೆ ಕುಳಿತಿದ್ದ.

ಹೆಂಡತಿ ಬಂದಳು. ಗೋಡೆ ಹಿಡಿದು, ಅರ್ಧಕ್ಕರ್ಧ ಇಳಿದುಹೋಗಿ, ಆದರೆ ತನ್ನ ಕಾಲ ಮೇಲೆ ನಡೆದು ಬಂದಳು. ಅವತ್ತಿನಿಂದ ಅವನ ಹಾಸಿಗೆ ಅಂಗಡಿಯಿಂದ ಮನೆಯೊಳಗೆ ಬಂತು. ರಾತ್ರಿ ಅವಳ ಉಸಿರು ಏರಿಳಿಯುವುದನ್ನು ಕೇಳುತ್ತ ಮಲಗುತ್ತಿದ್ದ. ಸ್ವಲ್ಪ ತಡವಾದರೆ ಮುಟ್ಟಿ ನೋಡುತ್ತಿದ್ದ. "ಇದೀನಿ, ಮಲಗಿ" ಎನ್ನುತ್ತಿದ್ದಳು.

ಅಂಗಡಿಗಳು ತೆರೆಯಬಹುದು ಎಂದಾಗ ಅವನೂ ಶಟರ್ ಎತ್ತಿದ. ಬೆಂಚಿನ ಮೇಲೆ ಮೊದಲಿನಷ್ಟು ಜನ ಕೂರುವಂತಿರಲಿಲ್ಲ. ಕೂರಬೇಕಾದವರಲ್ಲೂ ಕೆಲವರು ಇರಲಿಲ್ಲ. ಈಗಲೂ ಕೆಲವು ದಿನ ಯಾರದೋ ಕಿವಿಯ ಹತ್ತಿರ ಕತ್ತರಿ ಹಿಡಿದು ನಿಂತವನಿಗೆ ಗಾಳಿ ಸಾಲದಂತಾಗುತ್ತದೆ. ಆಗ, "ಒಂದು ನಿಮಿಷ ಸಾರ್" ಎಂದು ಬಾಗಿಲಿಗೆ ಬಂದು ನಿಂತು ಊದುತ್ತಾನೆ. ಗಿರಾಕಿಗಳಿಗೆ ಅಭ್ಯಾಸವಾಗಿದೆ. ಕೆಲವರು ತಮಗೂ ಹಾಗಾಗುತ್ತದೆ ಎಂದು ಮೆಲ್ಲಗೆ ಹೇಳಿಕೊಂಡದ್ದೂ ಉಂಟು.

ಮಗಳು ಒಂದು ಸಂಜೆ ಕೇಳಿದಳು: "ಅಪ್ಪ, ಹೆದರಿಕೆ ಪೂರ್ತಿ ಹೋಯ್ತಾ?"

"ಇಲ್ಲ ಕಣೇ. ಬರುತ್ತೆ, ಸ್ವಲ್ಪ ಹೊತ್ತು ಕೂರುತ್ತೆ, ಹೋಗುತ್ತೆ."

"ಗಿರಾಕಿ ಥರಾನಾ?"

"ಗಿರಾಕಿಯಾದ್ರೆ ಕೂದಲಾದ್ರೂ ಬಿಟ್ಟು ಹೋಗ್ತಾನೆ, ಇದು ಅದೂ ಇಲ್ಲ" ಎಂದ. ಹೊರಗೆ ದರ್ಜಿ ಬಂದು ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಮರಿಕತ್ತರಿ ಕುರ್ಚಿಯ ಧೂಳು ಒರೆಸಿ ಅವನನ್ನು ಒಳಗೆ ಕರೆದ.